ಬೆಕ್ಕಿನ ಗಜಕರ್ಣ: ಪರೀಕ್ಷೆ ಮತ್ತು ಚಿಕಿತ್ಸೆ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಒಕ್ಕಲುಮನೆಗಳಲ್ಲಿ ಕಾಳುಕಡಿಯನ್ನು ಇಲಿಗಳಿಂದ ಕಾಯುವ ಬೆಕ್ಕು, ಮಕ್ಕಳ ಹಾಸಿಗೆಯಲ್ಲಿಯೂ ಮಲಗುತ್ತದೆ. ಅದಕ್ಕೆ ಗಜಕರ್ಣವಾದರೆ ಮನೆಯವರಿಗೂ ತಗಲಬಹುದು. ಆ ಭಯದಿಂದ ಬೆಕ್ಕನ್ನು ಊರಾಚೆ ಬಿಟ್ಟುಬರುವುದು ದಯೆಯೂ ಅಲ್ಲ, ಪರಿಹಾರವೂ ಅಲ್ಲ. ಬೆಕ್ಕು ಹೋದರೂ ರೋಗದ ಬೀಜ ಮನೆಯಲ್ಲಿಯೇ ಉಳಿಯುತ್ತದೆ.

ಕಾರಣ: ಹುಳುಕಡ್ಡಿ ಎಂದು ಕರೆದರೂ ಇದು ಹುಳುವಿನಿಂದ ಬರುವುದಲ್ಲ. ಬೆಕ್ಕುಗಳಲ್ಲಿ ಬಹುತೇಕ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣ. ಉದುರಿದ ಕೂದಲಿನಲ್ಲಿ ಅದರ ಬೀಜಕಣಗಳು ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ.

ಲಕ್ಷಣ: ಮುಖ, ಕಿವಿ, ಮುಂಗಾಲುಗಳಲ್ಲಿ ಕೂದಲು ದುಂಡಗೆ ಉದುರಿ, ಚರ್ಮ ಹೊಟ್ಟಿನಂತೆ ಏಳುತ್ತದೆ. ಮರಿಗಳಿಗೆ ಬಾಧೆ ಹೆಚ್ಚು. ಕೆಲವು ಬೆಕ್ಕುಗಳು ಯಾವ ಲಕ್ಷಣವೂ ಇಲ್ಲದೆ ರೋಗ ಹರಡುತ್ತವೆ.

ಪರೀಕ್ಷೆ: ಕಜ್ಜಿ ನುಸಿ ಮತ್ತು ಚಿಗಟದ ಬಾಧೆಯೂ ಹೀಗೆಯೇ ತೋರುವುದರಿಂದ ಕಣ್ಣಳತೆಯ ನಿರ್ಣಯ ಸಲ್ಲದು. ಪಶುವೈದ್ಯರು ಕತ್ತಲೆಯಲ್ಲಿ ವುಡ್ಸ್ ದೀಪ ಹಿಡಿದಾಗ ಸೋಂಕಿದ ಕೂದಲು ಎಳೆಹಸಿರಾಗಿ ಹೊಳೆಯಬಹುದು. ಹೊಳೆಯದಿದ್ದರೆ ರೋಗವಿಲ್ಲವೆಂದಲ್ಲ, ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಇಲ್ಲವೆ ಶಿಲೀಂಧ್ರವನ್ನು ಬೆಳೆಸಿ ಪರೀಕ್ಷಿಸಬೇಕು. ಇದರ ಫಲಿತಾಂಶಕ್ಕೆ 1ರಿಂದ 3 ವಾರ ಬೇಕು.

ಚಿಕಿತ್ಸೆ: ತೂಕಕ್ಕೆ ತಕ್ಕಂತೆ ಇಟ್ರಾಕೊನಜೋಲ್ ಔಷಧವನ್ನು ವೈದ್ಯರು ಬಾಯಿಯ ಮೂಲಕ ಕೊಡಿಸುತ್ತಾರೆ. ಜೊತೆಗೆ ವಾರಕ್ಕೆ 2 ಬಾರಿ ಸುಣ್ಣ-ಗಂಧಕದ ದ್ರಾವಣದಿಂದ ಅಥವಾ ಮೈಕೊನಜೋಲ್-ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನಿಂದ ಮೈ ತೊಳೆಯಬೇಕು. ಸೀಮೆಎಣ್ಣೆ, ಫಿನಾಯಿಲ್ ಹಚ್ಚಲೇಬಾರದು. ಬೆಕ್ಕು ಮೈ ನೆಕ್ಕುವುದರಿಂದ ಅವು ಹೊಟ್ಟೆ ಸೇರಿ ವಿಷವಾಗುತ್ತವೆ. ಸ್ಟಿರಾಯ್ಡ್ ಬೆರೆತ ಮನುಷ್ಯರ ಮುಲಾಮು ರೋಗವನ್ನು ಉಲ್ಬಣಗೊಳಿಸುತ್ತದೆ. ಕೂದಲು ಮರಳಿ ಬಂದಿತೆಂದು ಔಷಧ ನಿಲ್ಲಿಸದೆ, ವೈದ್ಯರು ಮತ್ತೆ ಪರೀಕ್ಷಿಸಿ ಹೇಳುವವರೆಗೆ ಮುಂದುವರಿಸಬೇಕು.

ಮನೆಯ ಶುದ್ಧಿ: ಗುಣವಾಗುವವರೆಗೆ ಬೆಕ್ಕನ್ನು ಗಾಳಿ-ಬೆಳಕಿರುವ, ತೊಳೆಯಲು ಬರುವ ಒಂದು ಕೋಣೆಯಲ್ಲಿಡಿರಿ. ಕೂದಲನ್ನು ಪ್ರತಿದಿನ ಹಸಿಬಟ್ಟೆಯಿಂದ ಒರೆಸಿ ತೆಗೆಯಿರಿ. ಹಾಸು-ಹೊದಿಕೆಗಳನ್ನು ಸಾಬೂನಿನಿಂದ ಒಗೆಯಿರಿ. ಬೆಕ್ಕನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ. ಮನೆಯ ಇತರ ಬೆಕ್ಕು-ನಾಯಿಗಳನ್ನೂ ಪರೀಕ್ಷೆ ಮಾಡಿಸಿರಿ.

ಮಕ್ಕಳ ಮೈಮೇಲೆ ದುಂಡನೆಯ ಕೆಂಪು ಕಲೆ ಕಂಡರೆ, ಅಥವಾ ತಲೆಯಲ್ಲಿ ಕೂದಲು ಉದುರಿದರೆ, ಚರ್ಮವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೆಕ್ಕಿರುವುದನ್ನು ತಪ್ಪದೆ ತಿಳಿಸಿರಿ. ತಲೆಯ ಗಜಕರ್ಣವು ಮುಲಾಮಿನಿಂದಷ್ಟೇ ವಾಸಿಯಾಗದು; ನುಂಗುವ ಔಷಧ ಬೇಕಾಗುತ್ತದೆ.

ಬೆಕ್ಕು, ಮನೆಯವರು, ಮನೆ ಈ ಮೂರಕ್ಕೂ ಏಕಕಾಲಕ್ಕೆ ಆರೈಕೆ ನಡೆದರೆ ಈ ರೋಗ ಪೂರ್ಣ ಗುಣವಾಗುತ್ತದೆ. ಶರಣರು ದಯೆಯನ್ನು ಧರ್ಮದ ತಳಹದಿಯೆಂದು ಬಗೆದರು. ಕೆಲವು ವಾರಗಳ ತಾಳ್ಮೆಯಿಂದ ಮೂಕಪ್ರಾಣಿಯೊಂದನ್ನು ಉಳಿಸಿಕೊಳ್ಳುವುದು ಆ ದಯೆಯ ಆಚರಣೆಯೇ ಆಗಿದೆ.