ಕಿವಿಗೆ ಬಿದ್ದರೂ ಮನಕ್ಕೆ ಮುಟ್ಟದ ಮಾತು

ಗದಗ ಜಿಲ್ಲೆಯ ಸವಡಿಯಂಥ ಊರಿನಲ್ಲಿ, ಹಿಟ್ಟಿನ ಗಿರಣಿಯ ಸದ್ದಿನ ನಡುವೆ ‘ಕಡಿ’ ಎಂದುದನ್ನು ‘ಗಡಿ’ ಎಂದು ತಿಳಿದು, ಒಟ್ಟಿಗೆ ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನಷ್ಟೇ ಮಾಡಿ, ‘ಆಂ?’ ಎಂದು ಮತ್ತೆ ಮತ್ತೆ ಕೇಳುವ ಮಗುವನ್ನು ಮೊದ್ದನೆಂದು ಜರೆಯುವ ಮುನ್ನ ತಾಯಿತಂದೆಗಳು ಒಂದನ್ನು ಅರಿಯತಕ್ಕದ್ದು: ಕಿವಿ ನಿರ್ದುಷ್ಟವಾಗಿದ್ದರೂ, ಅದು ತಂದೊಪ್ಪಿಸಿದ ನಾದವನ್ನು ವಿಂಗಡಿಸಿ ಗ್ರಹಿಸುವ ಮಿದುಳಿನ ವ್ಯಾಪಾರದಲ್ಲಿ ನ್ಯೂನತೆಯಿರುವುದುಂಟು. ಶ್ರವಣ ಸಂಸ್ಕರಣ ದೋಷವೆಂಬುದು ಇದೇ.

ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೋ, ಮಧ್ಯಕರ್ಣದಲ್ಲಿ ದ್ರವ ನಿಂತಿದೆಯೋ ಎಂಬುದನ್ನು ಗದಗಿನಲ್ಲಿ ಕಿವಿಯ ವೈದ್ಯರಿಂದ ನೋಡಿಸಿರಿ. ಅಜ್ಜಿ ಮುನಿದರೂ ಸರಿಯೆ, ಬಿಸಿ ಎಣ್ಣೆ ಹೊಯ್ಯಗೊಡಬೇಡಿರಿ. ಸಾಮಾನ್ಯ ಶ್ರವಣಪರೀಕ್ಷೆ ನೆಟ್ಟಗಿದ್ದೂ ಸಂಶಯ ಉಳಿದರೆ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲುಂಟು. ಈ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ, ಹೊರಗಿನ ಸದ್ದು ತೂರದ ಕೋಣೆಯಲ್ಲಿ ಕುಳಿತ ಮಗುವಿನ ಎಡಗಿವಿಗೊಂದು, ಬಲಗಿವಿಗೊಂದು ಅಕ್ಷರವನ್ನು ಏಕಕಾಲಕ್ಕೆ ನುಡಿಸಿ ಎರಡನ್ನೂ ಹೇಳಿಸುತ್ತಾರೆ. ಗದ್ದಲದಲ್ಲಿ ಮುಳುಗಿದ ಪದಗಳನ್ನು ಹೆಕ್ಕಿಸುತ್ತಾರೆ. ಭೋರ್ಗರೆವ ನಾದದ ನಡುವೆ ಕೆಲವೇ ಮಿಲಿಸೆಕೆಂಡುಗಳ ಮೌನವನ್ನು ಗುರುತಿಸಲು ಹೇಳುತ್ತಾರೆ. ಸುಮಾರು 7 ವರ್ಷಕ್ಕಿಂತ ಕಿರಿಯರಲ್ಲಿ ಇವುಗಳ ಫಲ ನೆಚ್ಚತಕ್ಕದ್ದಲ್ಲ; ಏಕೆಂದರೆ ಆ ವಯಸ್ಸಿನಲ್ಲಿ ಶ್ರವಣಮಾರ್ಗವಿನ್ನೂ ಪಕ್ವವಾಗುತ್ತಿರುತ್ತದೆ. ಚಿತ್ತಚಾಂಚಲ್ಯವೂ ಭಾಷಾವಿಳಂಬವೂ ಇದೇ ವೇಷ ತೊಡುವುದರಿಂದ ಅವನ್ನೂ ಪರಿಶೀಲಿಸಬೇಕು.

ಮಗು ಮನೆಯಲ್ಲಾಡುವ ನುಡಿ ಯಾವುದೆಂದು ಪರೀಕ್ಷಕರಿಗೆ ಮೊದಲೇ ತಿಳಿಸಿರಿ. ಪರೀಕ್ಷೆ ಮುಗಿಯುವವರೆಗೆ, ಶಾಲೆಯ ಮಾಸ್ತರರಿಗೆ ಹೇಳಿ, ಮಗುವನ್ನು ಕಿಟಕಿಯಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸಿರಿ. ನೀವೂ ಅಡಿಗೆಮನೆಯಿಂದ ಕೂಗದೆ, ಎದುರಿಗೆ ಬಂದು, ಒಂದು ಸಲಕ್ಕೆ ಒಂದೇ ಮಾತು ಹೇಳಿರಿ.