ರೋಗಾಣುವಿಗೆ ಪೌರತ್ವದ ಭೇದವುಂಟೆ?

ಬಂಧುಗಳಿಂದ ದೂರವಾಗಿ ಪರದೇಶದಲ್ಲಿ ನೆಲಸಿದವನಿಗೆ ಅಲ್ಲಿನ ಲಸಿಕೆ ದೊರೆಯಬೇಕೆ? ಕೋವಿಡ್ ಪಿಡುಗಿನ ಕಾಲದಲ್ಲಿ ಭಾರತವು ಇದಕ್ಕೆ ಉತ್ತರವಿತ್ತಿತು. ಇಲ್ಲಿ ವಾಸಿಸುವ ವಿದೇಶೀಯರು ಪಾಸ್‌ಪೋರ್ಟನ್ನೇ ಗುರುತಿನ ಪತ್ರವಾಗಿ ತೋರಿಸಿ ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದೆಂದು 2021ರ ಆಗಸ್ಟ್ 9ರಂದು ಸರ್ಕಾರವು ಸಾರಿತು.

ಇದು ಬರಿಯ ಔದಾರ್ಯವಲ್ಲ. ಒಬ್ಬ ರೋಗಿಯಿಂದ ಮೂವರಿಗೆ ಸೋಂಕು ತಗಲುವುದೆಂದು ಭಾವಿಸೋಣ. 3 ಮಂದಿ 9 ಆಗುವರು. 9 ಮಂದಿ 27. ಪರಮಾಣು ವಿದಳನದ ಸರಪಳಿಯೂ ಹೀಗೆಯೇ ಬೆಳೆಯುವುದು. ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕು ತಟ್ಟದಂತಾದರೆ ಸರಪಳಿಯು ತಾನಾಗಿ ಕುಗ್ಗುವುದು. ಕೋವಿಡ್ ಲಸಿಕೆಯು ತೀವ್ರ ರೋಗವನ್ನು ಬಹುಮಟ್ಟಿಗೆ ತಡೆದರೂ ಸೋಂಕನ್ನು ಪೂರ್ಣವಾಗಿ ತಡೆಯಲಾರದು. ಆದುದರಿಂದ ಒಬ್ಬೊಬ್ಬರೂ ಲೆಕ್ಕಕ್ಕೆ ಬೇಕು. ಈ ಗಣಿತದಲ್ಲಿ ತಲೆಗಳ ಎಣಿಕೆಯುಂಟು, ಪೌರತ್ವದ ಎಣಿಕೆಯಿಲ್ಲ. ನೆರೆಮನೆಯ ವಿದೇಶೀಯನನ್ನು ಹೊರಗಿಟ್ಟರೆ ನಮ್ಮ ಬೇಲಿಯಲ್ಲಿ ನಾವೇ ಕಂಡಿ ಬಿಟ್ಟಂತೆ.