ಮೂಸಿ ದಂಡೆಯಲ್ಲಿ ಮಂಡ್ಯದ ಮಾವ

ಕರ್ನಾಟಕದಿಂದ ನಮ್ಮಲ್ಲಿಗೆ ಬರುವ ನೆಂಟರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಇಳಿಯುತ್ತಾರೆ, ಭಾನುವಾರ ರಾತ್ರಿ ಹೊರಟುಬಿಡುತ್ತಾರೆ. ಆ ಎರಡು ಹಗಲಿನಲ್ಲಿ ಚಾರ್‌ಮಿನಾರ್, ಗೋಲ್ಕೊಂಡ, ಬಿರ್ಲಾ ಮಂದಿರ, ಹುಸೇನ್‌ಸಾಗರದ ಬುದ್ಧ, ರಾಮೋಜಿ ಫಿಲ್ಮ್ ಸಿಟಿ, ಮುತ್ತಿನ ಅಂಗಡಿ, ಬಿರಿಯಾನಿ ಎಲ್ಲವೂ ಆಗಬೇಕು. ನಾವಿರುವ ಲಿಂಗಂಪಲ್ಲಿ ಹೈದರಾಬಾದಿನ ಪಡುವಣ ಅಂಚು. ಚಾರ್‌ಮಿನಾರ್ ಇಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ದೂರ. ಫಿಲ್ಮ್ ಸಿಟಿಯಂತೂ ಮೂಡಣದ ಅಂಚನ್ನೂ ದಾಟಿ ಆಚೆ. ಪಟ್ಟಿ ಹಿಡಿದು ಹೊರಟರೆ ದಿನದ ಅರ್ಧ ಕಾರಿನ ಕಿಟಕಿಯಲ್ಲೇ ಮುಗಿಯುತ್ತದೆ.

ಈ ಊರಿನಲ್ಲಿ ಸಂಸಾರ ಹೂಡಿ, ಬಂದವರನ್ನೆಲ್ಲ ತಿರುಗಾಡಿಸುತ್ತ ನಾನು ಕಂಡುಕೊಂಡದ್ದು ಇಷ್ಟು: ದೊಡ್ಡ ನಗರದಲ್ಲಿ ವಾರಾಂತ್ಯಕ್ಕೆ ಒಂದು ಎಳೆ ಇರಬೇಕು. ನೋಡಲು ಬಂದವರ ಬದುಕಿಗೂ ಈ ಊರಿಗೂ ಎಲ್ಲಿ ನಂಟಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಕಲಬುರಗಿಯ ಗೆಳತಿ ಬಂದಾಗ ಕುತುಬ್‌ಶಾಹಿ ಗೋರಿಗಳನ್ನು ಮಾತ್ರ ನೋಡಿದೆವು. ಗೋಲ್ಕೊಂಡದ ಸುಲ್ತಾನರು ಬಹಮನಿ ರಾಜ್ಯದಿಂದಲೇ ಒಡೆದು ಬಂದವರು. ಆ ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ, ಆಮೇಲಿನದು ಬೀದರ್. ತಮ್ಮೂರಿನ ಹಫ್ತ್ ಗುಂಬಜಿನ ಪಕ್ಕ ಆಡಿ ಬೆಳೆದ ಅವಳು ಪ್ರತಿ ಗುಮ್ಮಟದ ಮುಂದೆಯೂ ನಿಂತು ನಿಂತು ನೋಡಿದಳು. ಇಡೀ ಬೆಳಗು ಅಲ್ಲೇ ಕಳೆಯಿತು, ಬೇರೆಲ್ಲಿಗಾದರೂ ಹೋಗೋಣವೆಂದು ಅವಳೂ ಕೇಳಲಿಲ್ಲ.

ಮಾವ ಬರುತ್ತೇನೆಂದಾಗ ಎಳೆ ಹುಡುಕುವ ಕಷ್ಟವಿರಲಿಲ್ಲ. ಅವರು ಮಂಡ್ಯ ಜಿಲ್ಲೆಯ ರೈತರು. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಕಬ್ಬು, ಭತ್ತವೇ ಆ ಮನೆಯನ್ನು ಸಾಕಿದ್ದು. ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಪೇಟ ಸುತ್ತಿದ ವಿಶ್ವೇಶ್ವರಯ್ಯನವರ ಪಟವಿದೆ, ಅದಕ್ಕೂ ದಿನಾ ಹೂವು. ಆ ಪುಣ್ಯಾತ್ಮ ಮೈಸೂರಿಗೆ ಬರುವ ಮೊದಲು ಹೈದರಾಬಾದಿಗೆ ಬಂದಿದ್ದರು ಎಂದು ಫೋನಿನಲ್ಲಿ ಹೇಳಿದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದನ್ನೇ ತೋರ್ಸವ್ವ, ಬ್ಯಾರೆ ಏನೂ ಬ್ಯಾಡ" ಅಂದರು.

ಶನಿವಾರ ಸ್ನಾನ, ತಿಂಡಿ ಮುಗಿಸಿ ಲಿಂಗಂಪಲ್ಲಿ ಸ್ಟೇಷನ್ನಿಗೆ ನಡೆದೆವು. ವಯಸ್ಸಾದವರ ಜೊತೆ ಹಳೇ ಊರಿನ ಕಡೆ ಹೋಗಲು ಎಂಎಂಟಿಎಸ್ ಲೋಕಲ್ ರೈಲಿಗೆ ಸಮನಾದದ್ದು ಇಲ್ಲ. 2003ರಲ್ಲಿ ಶುರುವಾದ ಈ ಲೋಕಲ್‌ಗಳಲ್ಲಿ ಹೆಚ್ಚಿನವು ನಮ್ಮ ನಿಲ್ದಾಣದಿಂದಲೇ ಹೊರಡುವುದರಿಂದ ಕೂರಲು ಸೀಟು ಸಿಗುತ್ತದೆ. ರಸ್ತೆಯ ದಟ್ಟಣೆ ತಾಗುವುದಿಲ್ಲ. ಆದರೆ ಒಂದು ರೈಲಿಗೂ ಮುಂದಿನದಕ್ಕೂ ಅಂತರ ಹೆಚ್ಚು, ರಜೆಯ ದಿನ ಇನ್ನೂ ಹೆಚ್ಚು. ಹಾಗಾಗಿ ಹಿಂದಿನ ರಾತ್ರಿಯೇ ವೇಳೆ ನೋಡಿಟ್ಟುಕೊಳ್ಳಬೇಕು. ತಪ್ಪಿದರೆ ಮಿಯಾಪುರದಿಂದ ಮೆಟ್ರೊ ಇದೆ.

ಈ ಹಳಿಯ ಮೇಲೆ ನನಗೆ ವಿಶೇಷ ಅಕ್ಕರೆ. 1874ರಲ್ಲಿ ನಿಜಾಮರ ರೈಲು ಹಾಕಿದ ವಾಡಿ–ಸಿಕಂದರಾಬಾದ್ ದಾರಿ ಇದೇ. ಇಲ್ಲಿಂದ ಪಡುವಣಕ್ಕೆ ಹೊರಟರೆ ವಿಕಾರಾಬಾದ್, ತಾಂಡೂರು ಕಳೆದು ಸೇಡಂ. ಆಮೇಲೆ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ನಿಲ್ದಾಣ, ಚಿತ್ತಾಪುರ, ವಾಡಿ. ಆ ಕಡೆಯಿಂದ ಬರುವ ರೈಲುಗಳು ಲಿಂಗಂಪಲ್ಲಿಯಲ್ಲಿ ನಿಂತಾಗ ಪ್ಲಾಟ್‌ಫಾರಂ ತುಂಬ ಕನ್ನಡ. ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಹೊತ್ತು ಬಂದವರು, ಆಸ್ಪತ್ರೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡವರು. ಅಂದು ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬರು ನಮ್ಮ ಮಾತು ಕೇಳಿ, "ಯಾವೂರ್ರೀ ಅಕ್ಕಾರ ನಿಮ್ದು?" ಅಂದರು. ಮಂಡ್ಯ ಅಂದೆ. ಅವರಿಗೆ ಮಂಡ್ಯ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಮಾವನಿಗೆ ಅವರ ಚಿತ್ತಾಪುರ ಗೊತ್ತಿರಲಿಲ್ಲ. ಆದರೂ ರೈಲು ಬರುವವರೆಗೆ ಇಬ್ಬರೂ ಮಳೆ, ತೊಗರಿ, ಕಬ್ಬಿನ ದರ ಮಾತಾಡಿದರು.

ಹಳೇ ಮೈಸೂರಿನವರಾದ ನಮಗೆ ಒಂದು ವಿಷಯವನ್ನು ಯಾರೂ ಗಟ್ಟಿಯಾಗಿ ಹೇಳಿಕೊಡಲಿಲ್ಲ. ಬೀದರ್, ಕಲಬುರಗಿ, ರಾಯಚೂರಿನ ಕಡೆಯವರಿಗೆ 1956ರ ನವೆಂಬರ್ ಒಂದರವರೆಗೂ ಹೈದರಾಬಾದೇ ರಾಜಧಾನಿ. ಕಚೇರಿ, ಕೋರ್ಟು, ಕಾಲೇಜು ಎಲ್ಲಕ್ಕೂ ಇಲ್ಲಿಗೇ ಬರಬೇಕಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಪಾಠ ಹೇಳುತ್ತಿದ್ದುದು ಉರ್ದುವಿನಲ್ಲಿ. ಅಂಥ ಊರಿನಲ್ಲಿ ಕನ್ನಡ ಉಳಿಸಿಕೊಳ್ಳಲು ಜನ ಪಟ್ಟ ಪಾಡಿನ ಗುರುತು ಕಾಚಿಗುಡದಲ್ಲಿದೆ: ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ಶಾಲೆ. ಫಲಕ್‌ನುಮಾ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಲಿಂಗಂಪಲ್ಲಿಯಿಂದ ಕಾಚಿಗುಡಕ್ಕೆ ರೈಲು ಬದಲಿಸಬೇಕಿಲ್ಲ. ನಾವು ಅಲ್ಲೇ ಇಳಿದೆವು. ಬೋರ್ಡಿನ ಕನ್ನಡವನ್ನು ಮಾವ ಅಕ್ಷರ ಅಕ್ಷರ ಓದಿದರು.

ಅಲ್ಲಿಂದ ಆಟೋದಲ್ಲಿ ಅಫ್ಜಲ್‌ಗಂಜ್. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ಮುಳುಗಿಸಿದಾಗ ಈ ಮರ ಹತ್ತಿ ಕೂತ ಸುಮಾರು 150 ಜನ ಬದುಕಿಕೊಂಡರು. ಸತ್ತವರು ಹದಿನೈದು ಸಾವಿರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮೇಲ್ಭಾಗದಲ್ಲಿ ನೂರಾರು ಸಣ್ಣ ಕೆರೆಗಳಿದ್ದವು. ವಿಪರೀತ ಮಳೆಗೆ ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನದನ್ನು ಒಡೆಯಿತು, ಹಾಗೇ ಸಾಲುಸಾಲಾಗಿ ಒಡೆದ ಕೆರೆಗಳ ನೀರೆಲ್ಲ ಊರ ಮೇಲೆ ಬಂತು. ಮರದ ಬುಡದಲ್ಲಿ ನಿಂತು ಇದನ್ನೆಲ್ಲ ಹೇಳುತ್ತಿದ್ದೆ. ಮಾವ ತಲೆಯೆತ್ತಿ ಕೊಂಬೆಗಳನ್ನು ನೋಡಿ, "ಇಲ್ಲೀಗಂಟ ಬಂದಿತ್ತಾ ನೀರು?" ಎಂದು ಕೇಳಿದರು. ನೀರಿನ ಎತ್ತರ, ಏರಿಯ ಬಲ, ಕೋಡಿಯ ಅಗಲ ಅವರಿಗೆ ಪುಸ್ತಕದ ಮಾತಲ್ಲ. ನನಗೆ ತೋಚದ ಪ್ರಶ್ನೆಗಳನ್ನು ಅವರು ಕೇಳಿದರು: ಆ ಕೆರೆಗಳಿಗೆ ಕೋಡಿ ಸಾಲದಿತ್ತೇ? ಹೂಳು ತೆಗೆಸಿದ್ದರೇ?

ಆ ನೆರೆಯ ಬಳಿಕ ನಿಜಾಮರ ಸರ್ಕಾರ ಕರೆಸಿದಾಗ, 1909ರಲ್ಲಿ, ವಿಶ್ವೇಶ್ವರಯ್ಯ ಮುಂಬಯಿ ಸರ್ಕಾರದ ನೌಕರಿ ಬಿಟ್ಟಿದ್ದರು. ಊರಿನ ಮೇಲ್ಗಡೆ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ತಡೆದು ನಿಲ್ಲಿಸಬೇಕು, ಊರಿಗೆ ಒಳಚರಂಡಿ ಬೇಕು ಎಂದು ಯೋಜನೆ ಕೊಟ್ಟರು. ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿಯ ಕೆಲಸ ಶುರುವಾದದ್ದು ಆಮೇಲೆ, 1911ರಲ್ಲಿ.

ಮರದಿಂದ ಹೊಳೆ ದಾಟಿದರೆ ಸಾಲಾರ್‌ಜಂಗ್ ಮ್ಯೂಸಿಯಂ. ಅದನ್ನು ಪೂರ್ತಿ ನೋಡಲು ಹೋಗಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಹಿರಿಯರಿಗೆ ಮೂರು ಕಡೆ ಸಾಕು: ಮುಸುಕಿನ ರೆಬೆಕಾ, ಗಡಿಯಾರ, ಬಿದರಿ. ಅಮೃತಶಿಲೆಯಲ್ಲಿ ತೆಳು ಬಟ್ಟೆ ಕಡೆದ ರೆಬೆಕಾಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ಗಡಿಯಾರದೊಳಗಿಂದ ಗಡ್ಡದ ಪುಟ್ಟ ಬೊಂಬೆ ಗಂಟೆಗೊಮ್ಮೆ ಹೊರಬಂದು ಜಾಗಟೆ ಬಾರಿಸುತ್ತದೆ. ಹನ್ನೆರಡು ಏಟು ನೋಡಲು ಮಧ್ಯಾಹ್ನ ನೂಕುನುಗ್ಗಲಿರುವುದರಿಂದ ಬೇಗ ಹೋಗಿ ಕುರ್ಚಿ ಹಿಡಿಯಬೇಕು. ಬಿದರಿ ಪಾತ್ರೆಗಳ ಕಡೆ ಮಾತ್ರ ಜನ ಕಡಿಮೆ. ಸತುವಿನ ಮಿಶ್ರಲೋಹದ ಮೇಲೆ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆತ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೀದರಿನ ಕುಶಲಕರ್ಮಿಗಳ ಹುಕ್ಕಾ, ಹೂಜಿ, ತಟ್ಟೆಗಳು ಇಷ್ಟೊಂದು ಒಂದೇ ಕಡೆ ಇರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಚಾರ್‌ಮಿನಾರ್ ಅಲ್ಲಿಗೆ ಹತ್ತಿರವೇ, ಆದರೆ ಮಾವನ ಕಾಲು ಸೋತಿತ್ತು. ಬಿಟ್ಟುಬಿಟ್ಟೆವು. 1591ರಿಂದ ನಿಂತಿರುವುದು ಇನ್ನೊಮ್ಮೆ ಬಂದಾಗಲೂ ಇರುತ್ತದೆ.

ಭಾನುವಾರ ಗಂಡಿಪೇಟೆ. ವಿಶ್ವೇಶ್ವರಯ್ಯ ಸೂಚಿಸಿದ ಎರಡು ಜಲಾಶಯಗಳಲ್ಲಿ ಮೂಸಿಗೆ ಇಲ್ಲಿ ಕಟ್ಟಿದ ಉಸ್ಮಾನ್‌ಸಾಗರ 1920ರಲ್ಲಿ ಮುಗಿಯಿತು, ಈಸಿಯ ಹಿಮಾಯತ್‌ಸಾಗರ 1927ರಲ್ಲಿ. ನಮ್ಮ ಕಡೆಯಿಂದ ಗಚ್ಚಿಬೌಲಿ, ನಾರ್ಸಿಂಗಿ ದಾಟಿ ಹೋಗಬೇಕು. ಭಾನುವಾರ ಮಧ್ಯಾಹ್ನದ ಮೇಲೆ ಆ ರಸ್ತೆ ಕಟ್ಟಿಕೊಳ್ಳುತ್ತದೆ, ಹಾಗಾಗಿ ಬಿಸಿಲೇರುವ ಮೊದಲೇ ಹೋಗಿ ಊಟದ ಹೊತ್ತಿಗೆ ಮನೆ ಸೇರುವುದು ಒಳ್ಳೆಯದು. ಮಧ್ಯಾಹ್ನದ ನಿದ್ದೆಗೆ, ಗಂಟು ಕಟ್ಟುವುದಕ್ಕೆ, ಮೊಮ್ಮಗಳ ಜೊತೆ ಸುಮ್ಮನೆ ಕೂರುವುದಕ್ಕೆ ಹೊತ್ತು ಉಳಿಸಬೇಕು. ನೆಂಟರು ಬಂದದ್ದು ಅದಕ್ಕೂ ಅಲ್ಲವೇ?

ಏರಿಯ ಹತ್ತಿರ ಮಾವ ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಈ ಕೆರೆಯ ನೀರು ಪಂಪಿಲ್ಲದೆ ಇಳಿಜಾರಿನಲ್ಲೇ ಕಾಲುವೆ ಹಿಡಿದು ಊರಿಗೆ ಹೋಗುವಂತೆ ಮಾಡಿದ್ದಾರೆ ಎಂದೆ. ಅವರು ನೀರಿನ ಮಟ್ಟವನ್ನೂ ಊರಿನ ದಿಕ್ಕನ್ನೂ ಬಹಳ ಹೊತ್ತು ನೋಡುತ್ತ ನಿಂತರು. ನಂತರ ಆಚೆಗೆ ಎದ್ದಿರುವ ಗಾಜಿನ ಕಟ್ಟಡಗಳನ್ನು ತೋರಿಸಿ, "ಅವರ ಮನೆ ನೀರೆಲ್ಲ ಎಲ್ಲಿಗೆ ಹೋಯ್ತದೆ?" ಅಂದರು. ಈ ಎರಡು ಕೆರೆಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡ ಕಟ್ಟಬಾರದೆಂದು 1996ರಲ್ಲಿ ಸರ್ಕಾರ ಆದೇಶ ಹೊರಡಿಸಿತ್ತು, 2022ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮಾವನಿಗೆ ಅದನ್ನು ಹೇಳುವಾಗ ನನಗೆ ಸಂಕಟವಾಯಿತು. ಈ ನಿರ್ಧಾರ ತಪ್ಪು ಎಂದೇ ನನ್ನ ನಂಬಿಕೆ.

ಲಿಂಗಂಪಲ್ಲಿ, ಚಂದಾನಗರ, ಮಿಯಾಪುರದ ಕಡೆ ಇರುವ ಕನ್ನಡದ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ಒಂದು ದಿನವನ್ನಾದರೂ ಮೂಸಿ ದಂಡೆಯ ಹುಣಸೆಮರಕ್ಕೂ ಗಂಡಿಪೇಟೆಗೂ ಮೀಸಲಿಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಾಲಾರ್‌ಜಂಗ್‌ಗೆ ಶುಕ್ರವಾರ ರಜೆ. ಶನಿವಾರ, ಭಾನುವಾರ ತೆರೆದಿರುತ್ತದೆ.